ರಷ್ಯದ ಸಿಂಹನ ಊರಿನಲ್ಲಿ

ಬಾಲ್ಟಿಕ್ ಸಮುದ್ರದ ತಡಿಯಲ್ಲಿ, ಫಿನ್ಲೆಂಡಿಗೆ ತೆಂಕಲಾಗಿ, ರಷ್ಯಕ್ಕೆ ಪಡುವಲಾಗಿ, ಎಸ್ತೋನಿಯವೆಂಬ ನಾಡೊಂದುಂಟು. ವಿಸ್ತಾರದಲ್ಲಿ ಅದು ನಮ್ಮ ಕರ್ನಾಟಕದ ಕಾಲುಭಾಗಕ್ಕೂ ತುಸು ಕಡಮೆ. ಜನಸಂಖ್ಯೆಯೋ 14 ಲಕ್ಷವನ್ನು ಮುಟ್ಟದು. ನೆಲದ ಅರ್ಧದಷ್ಟನ್ನು ಪೈನ್ ಮತ್ತು ಭೂರ್ಜವೃಕ್ಷಗಳ ಅರಣ್ಯವೇ ಆಕ್ರಮಿಸಿಕೊಂಡಿದ್ದು, ಮಿಕ್ಕುದರಲ್ಲಿ ಜೌಗೂ ಕೆರೆಗಳೂ ಸಾಕಷ್ಟು ಪಾಲನ್ನು ಪಡೆದಿರುವ ಈ ಪುಟ್ಟ ದೇಶವು, ಕಳೆದ ನೂರಿಪ್ಪತ್ತು ಮೂವತ್ತು ವರ್ಷಗಳಲ್ಲಿ ಲೋಕಕ್ಕೆ ಒಪ್ಪಿಸಿದ ಮಲ್ಲರ ಹೆಸರುಗಳನ್ನು ಒಮ್ಮೆ ಜ್ಞಾಪಿಸಿಕೊಂಡರೆ ಯಾರಿಗಾದರೂ ವಿಸ್ಮಯವಾಗದಿರದು: ಗಿಯೋರ್ಗ್ ಲೂರಿಖ್, ಅಲೆಕ್ಸಾಂಡರ್ ಆಬೆರ್ಗ್, ಮಾರ್ಟಿನ್ ಕ್ಲೈನ್, ಕ್ರಿಸ್ತ್ಯಾನ್ ಪಾಲುಸಾಲು, ಯೊಹಾನ್ನೆಸ್ ಕೊಟ್ಕಾಸ್, ಮತ್ತು ಇವರೆಲ್ಲರಿಗಿಂತ ಹೆಚ್ಚಾಗಿ ಲೋಕದ ಬಾಯಲ್ಲಿ ನಲಿದಾಡಿದ ಗಿಯೋರ್ಗ್ ಹ್ಯಾಕೆನ್‌ಷ್ಮಿಟ್. ಇವರೆಲ್ಲರೂ ಬೆಳೆದುದು ಗ್ರೀಕೋ-ರೋಮನ್ ಎಂದು ಹೆಸರಾದ ಕುಸ್ತಿಯ ಕಟ್ಟಿನಲ್ಲಿ. ಬಹುಕಾಲದಿಂದ ಮನಸ್ಸಿನಲ್ಲಿದ್ದ ಈ ನಾಡನ್ನು ಕಣ್ಣಾರೆ ಕಾಣುವ ಯೋಗ ಕೂಡಿಬಂದಾಗ, ಪ್ರವಾಸಿಗರೆಲ್ಲರೂ ನೋಡುವ ಕೋಟೆಕೊತ್ತಲಗಳ ಜೊತೆಗೆ ಈ ಜಟ್ಟಿಗಳ ಜಾಡನ್ನೂ ಹಿಡಿದು ನಡೆಯಬೇಕೆಂದು ನಿಶ್ಚಯಿಸಿದೆನು.

ರಾಜಧಾನಿಯಾದ ತಾಲ್ಲಿನ್ ನಗರದಲ್ಲಿ, ಪಿರಿತಾ ಎಂಬ ಕಡಲಂಚಿನ ಬಡಾವಣೆಯ ಬಳಿ ಮೆತ್ಸಕಲ್ಮಿಸ್ತು ಎಂಬ ರುದ್ರಭೂಮಿಯಿದೆ. ಸಮಾಧಿಗಳ ನಡುವೆ ಮರಗಳನ್ನು ನೆಟ್ಟ ಸ್ಥಳವಲ್ಲ ಅದು. ಮರಗಳ ನಡುವೆ, ಅವುಗಳಿಗೆ ತೊಂದರೆಯಾಗದಂತೆ, ಮನುಷ್ಯರಿಗೆ ಎಡೆಮಾಡಿಕೊಟ್ಟ ಕಾಡು. ಆ ದೇಶದ ಮೊದಲ ರಾಷ್ಟ್ರಪತಿಯೂ, ಲಿಡಿಯ ಕೊಯ್ದುಲಾ ಎಂಬ ಕವಯಿತ್ರಿಯೂ, ಚದುರಂಗದಲ್ಲಿ ಜಗದ್ವಿಖ್ಯಾತನಾದ ಪಾಲ್ ಕೆರೆಸನೂ ಮಲಗಿರುವ ಆ ತಾಣದಲ್ಲಿಯೇ ಪಾಲುಸಾಲುವಿನ ಸಮಾಧಿಯೂ ಉಂಟು. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಈತನು ಅತಿಭಾರದ ವರ್ಗದಲ್ಲಿ ಗ್ರೀಕೋ-ರೋಮನ್ ಮತ್ತು ಫ್ರೀಸ್ಟೈಲ್ ಎಂಬ ಎರಡು ಬಗೆಯ ಕುಸ್ತಿಗಳಲ್ಲಿಯೂ ಚಿನ್ನದ ಪದಕವನ್ನು ಗೆದ್ದನು. ಒಂದೇ ಒಲಿಂಪಿಕ್ಸಿನಲ್ಲಿ ಆ ತೂಕದಲ್ಲಿ ಎರಡನ್ನೂ ಗೆದ್ದವರು ಆತನಿಗೆ ಮೊದಲೂ ಇಲ್ಲ, ಅನಂತರವೂ ಇಲ್ಲ. ಊರಿಗೆ ಮರಳಿದಾಗ ಜನ ಅವನನ್ನು ಹೊತ್ತು ಮೆರೆಸಿದರು. ಸರ್ಕಾರವು ಹೊಲಮನೆಯೊಂದನ್ನು ಉಂಬಳಿಯಾಗಿ ಕೊಟ್ಟಿತು.

ಆದರೆ ಜನಾನುರಾಗವೆಂಬುದು ರಾಜ್ಯ ಬದಲಾದಾಗ ಯಾವ ವೇಷವನ್ನು ತೊಡುತ್ತದೆಂಬುದನ್ನು ಹೇಳಬಲ್ಲವರಲ್ಲಿ ಪಾಲುಸಾಲುವಿಗಿಂತ ಅನುಭವಸ್ಥರಿಲ್ಲ. 1941ರಲ್ಲಿ ಸೋವಿಯತ್ ಸೈನ್ಯವು ಅವನನ್ನು ಬಲವಂತದಿಂದ ಸೇರಿಸಿಕೊಂಡು, ದೂರದ ಕೊತ್ಲಾಸಿನ ಕೂಲಿ ಶಿಬಿರಕ್ಕೆ ಕಳುಹಿತು. ಅಲ್ಲಿಂದ ತಪ್ಪಿಸಿಕೊಂಡು ಹೋಗುತ್ತಿದ್ದಾಗ ಸಿಕ್ಕಿಬಿದ್ದು, ಮರಣದಂಡನೆಗೆ ಗುರಿಯಾಗಿ, ಕೊನೆಗೆ ಆ ದಂಡನೆಗೆ ಬದಲಾಗಿ ಫಿನ್ಲೆಂಡಿನ ವಿರುದ್ಧದ ರಣರಂಗಕ್ಕೆ ಅಟ್ಟಲ್ಪಟ್ಟಾಗ, ಆತನು ಅವಕಾಶವನ್ನು ನೋಡಿ ಫಿನ್ನರ ಕಡೆಗೆ ದಾಟಿದನು. ಫಿನ್ನರೂ ಕುಸ್ತಿಯ ಹುಚ್ಚಿನ ಜನ. ಎದುರಿಗೆ ಬಂದು ನಿಂತ ಕೈದಿಯ ಮುಖವನ್ನು ಗುರುತಿಸಿ, ಅವನನ್ನು ಸ್ವದೇಶಕ್ಕೆ ಕಳುಹಿಸಿಕೊಟ್ಟರು. ಖ್ಯಾತಿ ಹೀಗೆ ಪ್ರಾಣವನ್ನು ಉಳಿಸಿತು. ಯುದ್ಧಾನಂತರ ಸೋವಿಯತ್ ಆಡಳಿತ ಮರಳಿದಾಗ, ಅದೇ ಖ್ಯಾತಿಯನ್ನು ಹೊತ್ತಿದ್ದವನನ್ನು ಹಿಡಿದು ಕಡಲ ಬದಿಯ ಪಾತರೇಯ್ ಸೆರೆಮನೆಯಲ್ಲಿ ಕೂಡಿಹಾಕಿದರು. 1987ರಲ್ಲಿ ಆತನು ತೀರಿಕೊಂಡಾಗ ಎಸ್ತೋನಿಯ ಇನ್ನೂ ಪರಾಧೀನವಾಗಿಯೇ ಇದ್ದಿತು.

ಈ ತಾಲ್ಲಿನ್ನಿಗೆ ಹಿಂದೆ ರೇವಾಲ್ ಎಂಬ ಹೆಸರಿದ್ದಿತು. ಜಾರ್ ಚಕ್ರವರ್ತಿಯ ಆಳ್ವಿಕೆಯ ಆ ದಿನಗಳಲ್ಲಿ, 1895ರಲ್ಲಿ, ಡೋರ್ಪಾಟ್ ಎಂಬ ವಿದ್ಯಾನಗರದಿಂದ ಹದಿನೆಂಟರ ತರುಣನೊಬ್ಬನು ಲೌಸ್‌ಮನ್ನನ ಯಂತ್ರದ ಕಾರ್ಖಾನೆಯಲ್ಲಿ ಕೆಲಸ ಕಲಿಯಲೆಂದು ಇಲ್ಲಿಗೆ ಬಂದನು. ಇಂಜಿನಿಯರನಾಗಬೇಕೆಂಬುದು ಉದ್ದೇಶ. ಹಗಲೆಲ್ಲ ಕಬ್ಬಿಣದ ಸಹವಾಸ. ಸಂಜೆಯಾದರೆ ರೇವಾಲಿನ ವ್ಯಾಯಾಮ ಮತ್ತು ಸೈಕಲ್ ಸಂಘದಲ್ಲಿ ಮತ್ತೊಂದು ಬಗೆಯ ಕಬ್ಬಿಣದ ಸಹವಾಸ. ಯುರೋಪಿನಲ್ಲಿ ಆಗ ಸೈಕಲ್ಲಿಗೂ ಸಾಮಿಗೂ ಒಂದೇ ಗರಡಿ. ಊರಿಂದೂರಿಗೆ ತಿರುಗುತ್ತ ಪ್ರದರ್ಶನ ಕೊಡುತ್ತಿದ್ದ ಲೂರಿಖನು ರೇವಾಲಿಗೆ ಬಂದಾಗ ಈ ಹುಡುಗನು ಅವನೊಡನೆ ಜೋಡಿ ಹಿಡಿದು ಸೋತನು. ಆ ಸೋಲನ್ನು ಅವನು ಮರೆಯಲಿಲ್ಲ. ಬಳಿಕ ಕೈಗೆ ಪೆಟ್ಟಾಗಿ, ಆ ಸಮಯಕ್ಕೆ ರೇವಾಲಿಗೆ ಬಂದಿದ್ದ ಪೀಟರ್ಸ್‌ಬರ್ಗಿನ ವೈದ್ಯ ವ್ಲಾದಿಸ್ಲಾವ್ ಕ್ರಯೆವ್ಸ್ಕಿಯ ಬಳಿಗೆ ಹೋದುದು ಅವನ ಬಾಳನ್ನು ತಿರುಗಿಸಿತು. ಚಿಕಿತ್ಸೆಗೆಂದು ಮೈ ಮುಟ್ಟಿದ ವೈದ್ಯನು ಆ ಮೈಕಟ್ಟನ್ನು ಕಂಡು ಬೆರಗಾಗಿ, ನನ್ನೊಡನೆ ಬಾ, ಲೋಕದಲ್ಲಿಯೇ ಬಲಿಷ್ಠನನ್ನಾಗಿ ಮಾಡುತ್ತೇನೆಂದು ಕರೆದನಂತೆ. ತಂದೆತಾಯಿಗಳಿಗೆ ಇದು ಹಿಡಿಸಲಿಲ್ಲ. ಮಗನು ಹೋದನು. ಆ ಮಗನೇ ಗಿಯೋರ್ಗ್ ಹ್ಯಾಕೆನ್‌ಷ್ಮಿಟ್.

ಡೋರ್ಪಾಟ್ ಈಗ ತಾರ್ತು. ತಾಲ್ಲಿನ್ನಿನಿಂದ ಅಲ್ಲಿಗೆ ರೈಲಿನಲ್ಲಿ ಎರಡು ಗಂಟೆಯ ಮೇಲೆ ಸ್ವಲ್ಪ ಹಿಡಿಯುತ್ತದೆ. ಎರಡು ಕಡೆಯೂ ಕಾಡು, ನಡುನಡುವೆ ಕೊಯ್ಲಾದ ಬಯಲು, ಮತ್ತೆ ಕಾಡು. ಮನೆಗಳು ಒಂದರ ಮಾತು ಇನ್ನೊಂದಕ್ಕೆ ಕೇಳಿಸಬಾರದೆಂಬಂತೆ ದೂರದೂರ. ನನ್ನ ಎದುರಿಗಿದ್ದವರು ಹತ್ತಿದಾಗ ಒಮ್ಮೆ ತಲೆಬಾಗಿದರು, ಇಳಿಯುವಾಗ ಒಮ್ಮೆ ತಲೆಬಾಗಿದರು, ನಡುವೆ ಮಾತಿಲ್ಲ. ಈ ಜನಕ್ಕೆ ಗ್ರೀಕೋ-ರೋಮನ್ ಕುಸ್ತಿ ಏಕೆ ಒಗ್ಗಿತೆಂಬುದಕ್ಕೆ ಪಂಡಿತರು ಏನು ಕಾರಣ ಕೊಡುವರೋ ತಿಳಿಯದು. ಆ ಬೋಗಿಯಲ್ಲಿ ಕುಳಿತಿದ್ದ ನನಗೆ ಮಾತ್ರ, ಕಾಲನ್ನು ಕಟ್ಟಿಕೊಂಡು, ಆತುರವನ್ನು ನುಂಗಿಕೊಂಡು, ಎದೆಗೆ ಎದೆ ಕೊಟ್ಟು ಗಂಟೆಗಟ್ಟಲೆ ನಿಲ್ಲಬಲ್ಲ ಆಟ ಇವರ ಸ್ವಭಾವಕ್ಕೆ ಹೊರತಾದುದೆಂದು ತೋರಲಿಲ್ಲ.

ಆ ಆಟದ ಕಟ್ಟನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ನಮ್ಮ ಗರಡಿಯ ಕುಸ್ತಿಯಲ್ಲಿ ಕಾಲನ್ನು ಹಿಡಿಯಬಹುದು, ಕಾಲು ಕೊಟ್ಟು ಕೆಡಹಬಹುದು. ತೊಡೆಯ ಕೆಳಗಿನ ಪಟ್ಟುಗಳಿಲ್ಲದೆ ಪೈಲ್ವಾನನ ವಿದ್ಯೆ ಅರೆಯಾದಂತೆಯೇ. ಗ್ರೀಕೋ-ರೋಮನ್ ಕ್ರಮದಲ್ಲಿ ಸೊಂಟದ ಕೆಳಗೆ ಹಿಡಿಯುವಂತಿಲ್ಲ, ಕಾಲನ್ನು ಆಯುಧವನ್ನಾಗಿ ಮಾಡುವಂತೆಯೂ ಇಲ್ಲ. ಎಲ್ಲವೂ ತೋಳು, ಎದೆ, ಕತ್ತು, ಬೆನ್ನುಗಳ ವ್ಯವಹಾರ. ಎದುರಾಳಿಯನ್ನು ಅಪ್ಪಿ ಎತ್ತಿ, ಬಿಲ್ಲಿನಂತೆ ಹಿಂದಕ್ಕೆ ಬಾಗಿ, ತಲೆಯ ಮೇಲಿನಿಂದ ಬೀಸಿ ಬೆನ್ನು ನೆಲಕ್ಕೆ ತಾಗಿಸುವುದು ಅದರ ಶಿಖರ. ಹೆಸರಿನಲ್ಲಿ ಗ್ರೀಸೂ ರೋಮೂ ಇದ್ದರೂ ಈ ಕ್ರಮವು ರೂಪುಗೊಂಡುದು 19ನೆಯ ಶತಮಾನದ ಫ್ರಾನ್ಸಿನ ಸಂತೆ ಜಾತ್ರೆಗಳಲ್ಲಿ. ನೆಪೋಲಿಯನ್ನನ ಸೈನಿಕನಾಗಿದ್ದ ಎಕ್ಸ್‌ಬ್ರಾಯಾ ಎಂಬವನು ಕಟ್ಟಿದ ನಿಯಮಗಳೇ ಅದಕ್ಕೆ ತಳಹದಿಯೆಂದು ಹೇಳುತ್ತಾರೆ. ಬಲಾಬಲಗಳು ಸಮವಾಗಿದ್ದರೆ ಈ ಕುಸ್ತಿ ಮುಗಿಯುವುದೇ ಇಲ್ಲ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಇದೇ ನಾಡಿನ ಮಾರ್ಟಿನ್ ಕ್ಲೈನನು ಫಿನ್ಲೆಂಡಿನ ಅಸಿಕೈನೆನ್ನನೊಡನೆ ಬಿಸಿಲಿನಲ್ಲಿ 11 ಗಂಟೆ 40 ನಿಮಿಷ ಸೆಣಸಿದನು. ಗೆದ್ದನು, ನಿಜ, ಆದರೆ ಅಂತಿಮ ಪಂದ್ಯಕ್ಕೆ ಏಳುವ ಶಕ್ತಿ ಉಳಿಯದೆ ಬೆಳ್ಳಿಯ ಪದಕದಿಂದ ತೃಪ್ತನಾಗಬೇಕಾಯಿತು.

ತಾರ್ತು ನಗರವು ಎಮಾಯೊಗಿ ಎಂಬ ನದಿಯ ದಂಡೆಯಲ್ಲಿದೆ. ಸ್ವೀಡನ್ನಿನ ದೊರೆ ಗುಸ್ತಾವ್ ಅಡಾಲ್ಫನು 1632ರಲ್ಲಿ ಸ್ಥಾಪಿಸಿದ ವಿಶ್ವವಿದ್ಯಾನಿಲಯವೇ ಅದರ ಪ್ರಾಣ. ಹಿಂದಣ ಗುಡ್ಡದ ಮೇಲೆ ಭಗ್ನವಾದ ಮಹಾದೇಗುಲ, ನಕ್ಷತ್ರ ವೀಕ್ಷಣಾಲಯ, ಭ್ರೂಣಶಾಸ್ತ್ರಜ್ಞ ಬೇಯರನ ಪ್ರತಿಮೆ. ಗುಡ್ಡವನ್ನು ಏರುವ ದಾರಿಯ ಮೇಲೊಂದು ಸೇತುವೆ, ಅದರ ಮೇಲೆ ವಿಶ್ರಾಂತಿಯಿಂದ ಬಲವು ಮರಳುವುದೆಂಬ ಅರ್ಥದ ಲ್ಯಾಟಿನ್ ಬರಹ. ವಿದ್ವಾಂಸರನ್ನು ಕುರಿತು ಕೆತ್ತಿಸಿದ ಆ ಮಾತು ಮಲ್ಲರಿಗೂ ಸಲ್ಲುವಂತಿದೆ. ಪೇಟೆಯ ನಡುವಣ ರೂತ್ಲಿ ಬೀದಿಯಲ್ಲಿ ಎಸ್ತೋನಿಯದ ಕ್ರೀಡಾ ಮತ್ತು ಒಲಿಂಪಿಕ್ ವಸ್ತುಸಂಗ್ರಹಾಲಯವಿದೆ. ಅಲ್ಲಿ ಹಳೆಯ ಕುಸ್ತಿಪಟುಗಳ ಚಿತ್ರಗಳ ಮುಂದೆ ನಾನು ಬಹಳ ಹೊತ್ತು ನಿಂತುದನ್ನು ಕಂಡು, ಮೊಮ್ಮಗನನ್ನು ಕರೆದುಕೊಂಡು ಬಂದಿದ್ದ ವೃದ್ಧರೊಬ್ಬರು ತಾವಾಗಿಯೇ ಮಾತನಾಡಿಸಿದರು. ಆ ನಾಡಿನಲ್ಲಿ ಅದೊಂದು ವಿಶೇಷವೇ ಸರಿ. ಹ್ಯಾಕೆನ್‌ಷ್ಮಿಟ್‌ನನ್ನು ಅರಸಿಕೊಂಡು ಬಂದೆನೆಂದು ಹೇಳಿದಾಗ ಅವರು ನಕ್ಕು, "ಎಲ್ಲ ಪರದೇಶದವರೂ ಅವನನ್ನೇ ಕೇಳುತ್ತಾರೆ. ನಮ್ಮ ಅಜ್ಜ ಲೂರಿಖನನ್ನು ಕಂಡಿದ್ದರು, ಆ ಕಥೆಯನ್ನು ಸಾಯುವವರೆಗೂ ಹೇಳುತ್ತಿದ್ದರು. ಹ್ಯಾಕೆನ್‌ಷ್ಮಿಟ್‌ನನ್ನು ಕಂಡವರು ನಮ್ಮ ಮನೆಯಲ್ಲಿ ಯಾರೂ ಇಲ್ಲ" ಎಂದರು.

ಈ ಮಾತಿನ ಹಿಂದೆ ಒಂದು ಚರಿತ್ರೆಯೇ ಇದೆ. ಲೂರಿಖನು ವೈಕೆ-ಮಾರ್ಯಾ ಎಂಬ ಗ್ರಾಮದವನು. ಜರ್ಮನ್ ಜಮೀನುದಾರರ ಕೆಳಗೆ, ರಷ್ಯನ್ ಅಧಿಕಾರಿಗಳ ಕೆಳಗೆ ಬಾಗಿದ್ದ ಎಸ್ತೋನಿಯದ ರೈತಜನ ತಾವೂ ಒಂದು ರಾಷ್ಟ್ರವೆಂದು ಎಚ್ಚರಗೊಳ್ಳುತ್ತಿದ್ದ ಕಾಲದಲ್ಲಿ, ಅವನು ಹಳ್ಳಿಹಳ್ಳಿಗೆ ಹೋಗಿ, ತಮ್ಮವನೊಬ್ಬನು ಲೋಕದ ಯಾವ ಬಲಶಾಲಿಗೂ ಸರಿಸಮನೆಂಬುದನ್ನು ಅವರ ಕಣ್ಣಿಗೇ ತೋರಿಸಿದನು. ಅವನನ್ನು ಕುರಿತು ಹುಟ್ಟಿದ ಐತಿಹ್ಯಗಳು ಆ ನಾಡಿನ ಪುರಾಣಪುರುಷನಾದ ಕಲೆವಿಪೊಯೆಗನ ಕಥೆಗಳ ಸಾಲಿನಲ್ಲಿಯೇ ಕುಳಿತವು. 1920ರಲ್ಲಿ, ರಷ್ಯದ ಅಂತರ್ಯುದ್ಧದ ಗೊಂದಲದಲ್ಲಿ, ದೂರದ ಅರ್ಮವೀರಿನಲ್ಲಿ ಟೈಫಸ್ ಜ್ವರದಿಂದ ಸತ್ತ ಅವನ ಪಕ್ಕದಲ್ಲಿಯೇ, ಕೆಲವು ವಾರಗಳಲ್ಲಿ ಅವನ ಸಂಗಡಿಗನಾದ ಆಬೆರ್ಗನನ್ನೂ ಹೂಳಿದರು. ಹ್ಯಾಕೆನ್‌ಷ್ಮಿಟ್‌ನಾದರೋ ಪೇಟೆಯವನು, ಬಣ್ಣದ ಕಾರ್ಖಾನೆಯ ಒಡೆಯನ ಮಗ, ಜರ್ಮನ್ ಮನೆಮಾತಿನವನು. ಇಪ್ಪತ್ತೊಂದು ತುಂಬುವ ಮುನ್ನವೇ ನಾಡನ್ನು ಬಿಟ್ಟವನು. ಲಂಡನ್ ಅವನಿಗೆ ರಷ್ಯದ ಸಿಂಹವೆಂಬ ಬಿರುದನ್ನು ಕಟ್ಟಿತು. ಅವನು ರಷ್ಯನ್ನನಲ್ಲ. ಸಿಂಹದ ಗುಣವನ್ನೂ ಅವನಲ್ಲಿ ಕಂಡವರು ವಿರಳ. ಬಲ್ಲವರೆಲ್ಲರೂ ಅವನನ್ನು ಮೃದುಭಾಷಿಯೆಂದೂ, ಸಂಕೋಚಶೀಲನೆಂದೂ ಬಣ್ಣಿಸಿದ್ದಾರೆ.

ಪೀಟರ್ಸ್‌ಬರ್ಗಿನಲ್ಲಿ ಕ್ರಯೆವ್ಸ್ಕಿಯ ಮನೆಯೇ ಒಂದು ಗರಡಿಯಾಗಿದ್ದಿತು. ಗುಂಡುಗಳು, ತೂಕದ ಸರಳುಗಳು, ಗೋಡೆಯ ತುಂಬ ಜಗದ ಬಲಾಢ್ಯರ ಚಿತ್ರಗಳು. ಚಕ್ರವರ್ತಿಯ ಆಸ್ಥಾನದವರೆಗೂ ಹೆಸರಾಗಿದ್ದ ಆ ಬ್ರಹ್ಮಚಾರಿ ವೈದ್ಯನಿಗೆ ಶಿಷ್ಯರ ದೇಹವೇ ಶಾಸ್ತ್ರಗ್ರಂಥ. ಆಗ ತಾನು ದಿನಕ್ಕೆ 11 ಪೈಂಟ್ ಹಾಲು ಕುಡಿಯುತ್ತಿದ್ದೆನೆಂದು ಹ್ಯಾಕೆನ್‌ಷ್ಮಿಟ್ ತಾನೇ ಬರೆದಿದ್ದಾನೆ. ನಮ್ಮ ಲೆಕ್ಕಕ್ಕೆ ಆರು ಲೀಟರಿಗೂ ಮಿಕ್ಕಿದ ಹಾಲು! ಇದನ್ನು ಓದಿದಾಗ ನನ್ನ ಮನಸ್ಸು ಪೀಟರ್ಸ್‌ಬರ್ಗನ್ನು ಬಿಟ್ಟು ಕಲ್ಯಾಣಕ್ಕೆ ಹಾರಿತು. ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲರಿಗಾಗಿಯೇ ಒಂದು ಪ್ರಕರಣವುಂಟು. ಅವರ ತರಗತಿಗಳು, ಅವರ ಸಾಮು, ಅವರಿಗೆ ಉಣಿಸಬೇಕಾದ ಹಾಲು ತುಪ್ಪ ಮಾಂಸಗಳು, ಎಲ್ಲವನ್ನೂ ಆ ದೊರೆ ಕೂಲಂಕಷವಾಗಿ ಬರೆಯಿಸಿದ್ದಾನೆ. ಆದರೆ ಆ ಪ್ರಕರಣವನ್ನು ಅವನು ಇಟ್ಟಿರುವ ಸ್ಥಳವು ಗಮನಾರ್ಹವಾದುದು. ಸೈನ್ಯದ ವಿಚಾರದಲ್ಲಿಯೂ ಅಲ್ಲ, ಆರೋಗ್ಯದ ವಿಚಾರದಲ್ಲಿಯೂ ಅಲ್ಲ. ಅರಸನ ವಿನೋದಗಳ ಸಾಲಿನಲ್ಲಿ, ಕೋಳಿಯಂಕ ಟಗರಿನ ಕಾಳಗಗಳ ನೆರೆಯಲ್ಲಿ. ಮಲ್ಲನ ಹಾಲಿನ ಲೆಕ್ಕವನ್ನು ಬರೆದುಕೊಳ್ಳುವವನ ಕಣ್ಣು ಯಾವಾಗಲೂ ನೋಟದ ಮೇಲೆಯೇ ಇರುತ್ತದೆಂಬುದನ್ನು ನಮ್ಮ ಚಕ್ರವರ್ತಿ ಮುಚ್ಚಿಡಲಿಲ್ಲ.

1898ರಲ್ಲಿ, ಆ ಕಾಲದ ಮಹಾಮಲ್ಲನೆನಿಸಿದ್ದ ಫ್ರಾನ್ಸಿನ ಪಾಲ್ ಪೋನ್ಸನನ್ನು ಹ್ಯಾಕೆನ್‌ಷ್ಮಿಟ್ ಪೀಟರ್ಸ್‌ಬರ್ಗಿನಲ್ಲಿಯೇ ಕೆಡಹಿದನು. ಅದೇ ವರ್ಷ ವಿಯೆನ್ನದ ಪಂದ್ಯಾವಳಿಯನ್ನು ಗೆದ್ದನು. ಮುಂದಿನ ಮೂರು ನಾಲ್ಕು ವರ್ಷಗಳ ಮಾಸ್ಕೋ, ಪ್ಯಾರಿಸ್, ವಿಯೆನ್ನಗಳ ಜಯಗಳನ್ನು ಒಂದೊಂದಾಗಿ ಎಣಿಸುವುದರಲ್ಲಿ ಸ್ವಾರಸ್ಯವಿಲ್ಲ, ಏಕೆಂದರೆ ಅವೆಲ್ಲ ಒಂದೇ ತೆರ. ಸ್ವಾರಸ್ಯವಿರುವುದು 1902ರಲ್ಲಿ ಅವನು ಲಂಡನ್ನಿಗೆ ಬಂದುದರಲ್ಲಿ. ಇಂಗ್ಲೆಂಡಿನ ಮಹಾನಗರಗಳ ದುಡಿಯುವ ಜನ ಸಂಜೆಯ ವೇಳೆಯನ್ನು ಕಳೆಯುತ್ತಿದ್ದುದು ಮ್ಯೂಸಿಕ್ ಹಾಲುಗಳಲ್ಲಿ. ಹಾಡು, ಹಾಸ್ಯ, ಇಂದ್ರಜಾಲ, ತರಬೇತಾದ ನಾಯಿಗಳು, ಇವುಗಳ ನಡುವೆ ಒಂದು ಅಂಕವಾಗಿ ಕುಸ್ತಿ. ವೇದಿಕೆಯ ಮೇಲಿನ ಜಟ್ಟಿಯ ಎದುರಿಗೆ ಇಂತಿಷ್ಟು ನಿಮಿಷ ನಿಂತವರಿಗೆ ಬಹುಮಾನವೆಂದು ಸಾರಿ, ಸಭೆಯಿಂದ ಯಾರನ್ನಾದರೂ ಕರೆಯುವುದು ವಾಡಿಕೆ.

ಹ್ಯಾಕೆನ್‌ಷ್ಮಿಟ್ ಮೊದಮೊದಲಿಗೆ ಈ ವಾಡಿಕೆಗೆ ಹೊಂದಿಕೊಳ್ಳಲಾರದೆ ಹೋದನು. ಎದುರಿಗೆ ಬಂದವನನ್ನು ಹಿಡಿಯುವುದು, ಎತ್ತುವುದು, ಚಿತ್ ಮಾಡುವುದು. ಒಂದು ನಿಮಿಷದಲ್ಲಿ ಎಲ್ಲ ಮುಗಿದು, ಮುಂದಿನ ಅಂಕದ ನಾಯಿಗಳು ಇನ್ನೂ ಸಿದ್ಧವಾಗಿರುತ್ತಿರಲಿಲ್ಲ. ಮುಂದೆ ಲಂಡನ್ನಿನ ರಂಗಭೂಮಿಯಲ್ಲಿ ಮಹಾನಿರ್ಮಾಪಕನೆಂದು ಹೆಸರಾದ ಸಿ. ಬಿ. ಕಾಕ್ರನ್ ಆಗ ಅವನ ವ್ಯವಸ್ಥಾಪಕನಾಗಿ ಬಂದು, ಅವನಿಗೆ ಕಲಿಸಿದ ಮುಖ್ಯ ಪಾಠವು ಕುಸ್ತಿಯದಲ್ಲ, ತಾಳ್ಮೆಯದು: ಎದುರಾಳಿ ದುರ್ಬಲನಾದರೂ ಬೇಗ ಕೆಡಹಬೇಡ, ಅವನು ಗೆದ್ದಾನೆಂಬ ಭ್ರಮೆ ಸಭೆಗೆ ಕ್ಷಣಕಾಲ ಮೂಡಲಿ, ಆಮೇಲೆ ಎತ್ತು. ಶಿಷ್ಯನು ಕಲಿತನು. ಕಲಿತ ಮೇಲೆ ಲಂಡನ್ ಅವನಿಗೆ ಮರುಳಾಯಿತು. ಅವನ ಭಾವಚಿತ್ರದ ಪೋಸ್ಟ್ ಕಾರ್ಡುಗಳು ಅಂಗಡಿಗಳಲ್ಲಿ ಮಾರಾಟವಾದವು; ಗ್ರೀಕ್ ಪ್ರತಿಮೆಗಳ ಭಂಗಿಯಲ್ಲಿ ಅವನು ನಿಂತ ಆ ಚಿತ್ರಗಳನ್ನು ಇಂದು ನೋಡಿದರೂ, ಆ ಭುಜಗಳ ಮೇಲಿರುವ ಮುಖ ಮಾತ್ರ ಪಾಠಶಾಲೆಯ ಉಪಾಧ್ಯಾಯನದೆಂದು ತೋರುತ್ತದೆ.

ಬಲವಿದ್ದವನು ಬಲವನ್ನು ಬಚ್ಚಿಡುವುದು ಮೋಸವೇ ಎಂದು ಕೇಳಬಹುದು. ನನಗೆ ಹಾಗೆ ತೋರುವುದಿಲ್ಲ. ಸಂಗೀತದಲ್ಲಿ ಗಾಯಕನು ಷಡ್ಜದ ಬಳಿ ಸುಳಿದು, ಅದನ್ನು ಮುಟ್ಟದೆ, ಕೇಳುವವನ ಜೀವವನ್ನು ಹಿಂಡಿ, ಆಮೇಲೆ ಅಲ್ಲಿ ಬಂದು ನಿಲ್ಲುವುದಿಲ್ಲವೇ? ಆದರೆ ಗಾಯಕನಿಗೆ ಆ ಸುಳಿದಾಟವೇ ವಿದ್ಯೆ. ಮಲ್ಲನಿಗೆ ಅದು ವಿದ್ಯೆಯ ಹೊರಗಿನದು. ವರ್ಷಗಟ್ಟಲೆ ರಾತ್ರಿರಾತ್ರಿಯೂ ಅರೆಬಲದಲ್ಲಿ ಹಿಡಿದು ಅರೆಬಲದಲ್ಲಿ ಬಿಡುವ ಅಭ್ಯಾಸವು ಮೈಯನ್ನು ಬೇರೊಂದು ಬಗೆಯಲ್ಲಿ ಪಳಗಿಸುತ್ತದೆಂಬ ಶಂಕೆ ನನ್ನದು. ಮುಂದೆ ಷಿಕಾಗೋದಲ್ಲಿ ನಡೆದುದಕ್ಕೆ ಬೀಜವನ್ನು ಕಾಕ್ರನ್ನನ ಪಾಠದಲ್ಲಿಯೇ ಹುಡುಕಬೇಕೆಂದು ನಾನು ಊಹಿಸುತ್ತೇನೆ.

ಲಂಡನ್ನಿನ ಪಶ್ಚಿಮ ಭಾಗದಲ್ಲಿ, ಹ್ಯಾಮರ್‌ಸ್ಮಿತ್ ರಸ್ತೆಯ ಬದಿಗೆ, ಗಾಜು ಕಬ್ಬಿಣಗಳ ಕಮಾನಿನ ಒಲಿಂಪಿಯ ಎಂಬ ವಿಶಾಲ ಭವನವಿದೆ. 1886ರಲ್ಲಿ ಕಟ್ಟಿದುದು, ಇಂದಿಗೂ ಅಲ್ಲಿ ಪ್ರದರ್ಶನಗಳು ನಡೆಯುತ್ತವೆ. ಎಸ್ತೋನಿಯದಿಂದ ಮರಳುವ ದಾರಿಯಲ್ಲಿ ಲಂಡನ್ನಿನಲ್ಲಿ ತಂಗಿದ್ದಾಗ, ಮಂಡ್ಯದ ಕಡೆಯವನಾದ, ಅಲ್ಲಿ ಉದ್ಯೋಗದಲ್ಲಿರುವ ತರುಣ ಮಿತ್ರನೊಡನೆ ನಾನು ಆ ಭವನವನ್ನು ನೋಡಲು ಹೋದೆನು. ಹ್ಯಾಕೆನ್‌ಷ್ಮಿಟ್‌ನಿಂದ ಹಿಂದೆ ಸೋತಿದ್ದ ಪಿಯೆರಿ ಎಂಬ ಗ್ರೀಕ್ ಜಟ್ಟಿಯೊಬ್ಬನು ಸೇಡು ತೀರಿಸಿಕೊಳ್ಳುವ ಹಟದಿಂದ ಅಹಮದ್ ಮದ್ರಾಲಿ ಎಂಬ ದೈತ್ಯಕಾಯದ ತುರ್ಕನನ್ನು ಕರೆತಂದು, ಅವನ ಭೀಕರತೆಯನ್ನು ಊರೆಲ್ಲ ಸಾರಿ, ಜೋಡಿ ಕಟ್ಟಿಸಿದುದು ಇಲ್ಲಿಯೇ. ದಿನ 1904ರ ಜನವರಿ 30. ಸುತ್ತಣ ಬೀದಿಗಳು ಜನದಿಂದಲೂ ಗಾಡಿಗಳಿಂದಲೂ ಕಿಕ್ಕಿರಿದು ಹೋಗಿದ್ದವು. ಕ್ರಮ ಗ್ರೀಕೋ-ರೋಮನ್, ಕಾಕ್ರನ್ನನ ಪಾಠಕ್ಕೆ ಇಲ್ಲಿ ಸ್ಥಳವಿಲ್ಲ. ಇಬ್ಬರೂ ಕೈ ಕಲಸಿದರು. ಹ್ಯಾಕೆನ್‌ಷ್ಮಿಟ್ ತುರ್ಕನ ಸೊಂಟವನ್ನು ತಬ್ಬಿ, ಎತ್ತಿ, ಅಪ್ಪಳಿಸಿದನು. ಬಿದ್ದ ರಭಸಕ್ಕೆ ಮದ್ರಾಲಿಯ ಮೊಣಕೈ ಕೀಲು ತಪ್ಪಿತು. ಎಲ್ಲ ಮುಗಿದಾಗ ಗಡಿಯಾರ ತೋರಿಸಿದುದು 44 ಸೆಕೆಂಡ್.

ಹಣ ಕೊಟ್ಟು, ಚಳಿಯಲ್ಲಿ ನೂಕಿಸಿಕೊಂಡು ಬಂದಿದ್ದ ಆ ಸಹಸ್ರಾರು ಜನ ತಮಗೆ ನೋಟ ಸಾಲದಾಯಿತೆಂದು ಗೊಣಗಲಿಲ್ಲ, ಹುಚ್ಚೆದ್ದು ಕೂಗಿದರು. ಆ ಇರುಳಿನ ಬಳಿಕವೇ ಅವನ ಲೋಕಪ್ರಿಯತೆ ತುತ್ತತುದಿಗೆ ಏರಿತು. ಹಾಗಾದರೆ ಕಾಕ್ರನ್ನನು ಜನರನ್ನು ಅರಿತುದು ಅರ್ಧ ಮಾತ್ರವೆನ್ನೋಣವೇ? ಅಥವಾ ಎರಡು ವರ್ಷ ಮ್ಯೂಸಿಕ್ ಹಾಲುಗಳಲ್ಲಿ ಹಸಿವನ್ನು ಬೆಳೆಸಿದುದರಿಂದಲೇ ಈ ಒಂದು ತುತ್ತು ಹಬ್ಬದೂಟವಾಯಿತೆನ್ನೋಣವೇ? ಭವನದೊಳಗೆ ಅಂದು ಯಾವುದೋ ಗೃಹೋಪಯೋಗಿ ಸಾಮಗ್ರಿಗಳ ಪ್ರದರ್ಶನ ನಡೆಯುತ್ತಿದ್ದಿತು. ನನ್ನ ಮಿತ್ರನು ಒಂದು ಬಾಣಲೆಯ ಬೆಲೆಯನ್ನು ವಿಚಾರಿಸುತ್ತ ನಿಂತಿದ್ದಾಗ ನಾನು ಈ ಎರಡು ಪಕ್ಷಗಳನ್ನೂ ತೂಗಿನೋಡಿ ಎರಡನೆಯದರ ಕಡೆಗೆ ಒಲಿದೆನು.

ಅದೇ ವರ್ಷ ಜುಲೈಯಲ್ಲಿ ಆಲ್ಬರ್ಟ್ ಹಾಲಿನಲ್ಲಿ ಅಮೆರಿಕದ ಟಾಮ್ ಜೆಂಕಿನ್ಸ್‌ನನ್ನು ಗ್ರೀಕೋ-ರೋಮನ್ ಕ್ರಮದಲ್ಲಿ ಸೋಲಿಸಿ, ಮರುವರ್ಷ ನ್ಯೂಯಾರ್ಕಿನಲ್ಲಿ ಅವನದೇ ಆದ ಮುಕ್ತ ಕ್ರಮದಲ್ಲಿಯೂ ಸೋಲಿಸಿ, ಹ್ಯಾಕೆನ್‌ಷ್ಮಿಟ್ ಜಗಜ್ಜೆಟ್ಟಿಯೆನಿಸಿದನು. ತನ್ನ ಕಟ್ಟನ್ನು ಬಿಟ್ಟು, ಕಾಲು ಹಿಡಿಯಬಹುದಾದ ಪರರ ಕಟ್ಟಿಗೆ ಅವನು ಹೋದುದು ಹಣಕ್ಕಾಗಿಯೋ ಕೀರ್ತಿಗಾಗಿಯೋ ಹೇಳಲಾಗದು. ಅಲ್ಲಿ ಅವನಿಗಾಗಿ ಅಮೆರಿಕದ ಜಟ್ಟಿ ಫ್ರಾಂಕ್ ಗಾಚ್ ಕಾದಿದ್ದನು. 1908ರ ಏಪ್ರಿಲ್ 3ರಂದು ಷಿಕಾಗೋದಲ್ಲಿ ಇಬ್ಬರೂ ಎರಡು ಗಂಟೆಗೂ ಮೀರಿ ನಿಂತೇ ಸೆಣಸಿದ ಮೇಲೆ, ಬೆನ್ನು ನೆಲಕ್ಕೆ ತಾಗುವ ಮೊದಲೇ, ಹ್ಯಾಕೆನ್‌ಷ್ಮಿಟ್ ತಾನಾಗಿ ಸೋಲನ್ನೊಪ್ಪಿದನು. ಮೊದಲು ಗಾಚನನ್ನು ಹೊಗಳಿದನು. ಆಮೇಲೆ, ಅವನು ಮೈಗೆ ಎಣ್ಣೆ ಹಚ್ಚಿಕೊಂಡಿದ್ದನು, ಉಗುರಿನಿಂದ ಗೀರಿದನು, ತಲೆಯಿಂದ ಗುದ್ದಿದನು ಎಂದು ದೂರಿದನು. ದೂರಿನಲ್ಲಿ ಸತ್ಯಾಂಶವಿದ್ದೀತು. ಆದರೆ ಹೊಗಳಿಕೆಯನ್ನೂ ದೂರನ್ನೂ ಎರಡನ್ನೂ ಹೇಳಿದವನ ಮಾತನ್ನು ಜನ ತೂಗುವುದು ತಮಗೆ ಬೇಕಾದ ತಕ್ಕಡಿಯಲ್ಲಿ. 1911ರ ಸೆಪ್ಟೆಂಬರಿನಲ್ಲಿ ಅದೇ ಊರಿನ ಕೊಮಿಸ್ಕಿ ಪಾರ್ಕಿನಲ್ಲಿ, ಸುಮಾರು 30,000 ಪ್ರೇಕ್ಷಕರ ಮುಂದೆ, ಮೊಣಕಾಲಿನ ನೋವಿನೊಡನೆಯೇ ಕಣಕ್ಕಿಳಿದು ಅವನು ಮತ್ತೆ ಸೋತನು. ಅಲ್ಲಿಗೆ ಅವನ ಮಲ್ಲಜೀವನ ಮುಗಿಯಿತು. ಆಗ ಅವನಿಗೆ 34 ವರ್ಷ.

ಉಳಿದ ಅರ್ಧ ಶತಮಾನಕ್ಕೂ ಮಿಕ್ಕ ಆಯುಷ್ಯವನ್ನು ಅವನು ತತ್ತ್ವಚಿಂತನೆಗೆ ಕೊಟ್ಟನು. ಫ್ರೆಂಚ್ ಮಡದಿಯೊಡನೆ ಲಂಡನ್ನಿನ ದಕ್ಷಿಣದ ಬಡಾವಣೆಯೊಂದರಲ್ಲಿ ನೆಲಸಿ, ಹಣ್ಣು ಕಾಯಿ ಹಸಿತರಕಾರಿಗಳನ್ನು ತಿಂದುಕೊಂಡು, ಮನಸ್ಸು, ಪ್ರಜ್ಞೆ, ವಿಶ್ವದ ವಿರೋಧಶಕ್ತಿಗಳು, ಸ್ಮೃತಿ ವಿಸ್ಮೃತಿಗಳು ಎಂದು ಗ್ರಂಥಗಳನ್ನು ಬರೆದನು. 1908ರಲ್ಲಿ ಅವನು ಪ್ರಕಟಿಸಿದ್ದ ವ್ಯಾಯಾಮದ ಕೈಪಿಡಿಯನ್ನು ಲೋಕವೆಲ್ಲ ಕೊಂಡು ಓದಿತು. ಈ ತತ್ತ್ವಗ್ರಂಥಗಳನ್ನು ಓದಿದವರನ್ನು ನಾನು ಕಂಡಿಲ್ಲ. ನಾನು ಓದಲೆಳಸಿದಷ್ಟು ಭಾಗವು, ನಿಜ ಹೇಳಬೇಕೆಂದರೆ, ಕ್ಲೈನನ ಕುಸ್ತಿಯಷ್ಟೇ ದೀರ್ಘವಾಗಿ ತೋರಿತು. ಆದರೂ ಅವನ ಬಾಳಿನ ಈ ತಿರುವು ಕನ್ನಡಿಗನಿಗೆ ಅಪರಿಚಿತವಲ್ಲ. ಪಂಪನ ಬಾಹುಬಲಿ ಮಲ್ಲಯುದ್ಧದಲ್ಲಿ ಅಣ್ಣನನ್ನು ಮೇಲಕ್ಕೆತ್ತಿ, ಆ ಕ್ಷಣದಲ್ಲಿಯೇ ಗೆಲವಿನ ಹೊಲ್ಲಮೆಯನ್ನು ಕಂಡು, ಅಖಾಡವನ್ನು ಬಿಟ್ಟು ತಪಸ್ಸಿಗೆ ನಡೆದನು. ಹ್ಯಾಕೆನ್‌ಷ್ಮಿಟ್‌ನಿಗೆ ಆ ನೋಟ ದೊರೆತುದು ಸೋಲಿನ ಬಾಗಿಲಿನಲ್ಲಿ. ಸೋತವನ ವೈರಾಗ್ಯವನ್ನು ಲೋಕವು ನಂಬುವುದಿಲ್ಲ. ಆದರೆ ಐವತ್ತು ವರ್ಷಗಳಿಗೂ ಮೇಲ್ಪಟ್ಟು ಒಬ್ಬನು ಅದನ್ನೇ ಹಿಡಿದು ಕುಳಿತನೆಂದರೆ ಅದನ್ನು ಸೋಲಿನ ನೆವವೆಂದು ತಳ್ಳಿಹಾಕುವುದು ನ್ಯಾಯವೆನಿಸದು. 1968ರಲ್ಲಿ, 90 ತುಂಬಿದ ಮೇಲೆ, ಅವನು ತೀರಿಕೊಂಡನು.

ಒಲಿಂಪಿಯದಿಂದ ಹೊರಟು, ಷೆಪರ್ಡ್ಸ್ ಬುಷ್ ಬಯಲನ್ನು ಹಾಯ್ದು, ವುಡ್ ಲೇನ್ ರಸ್ತೆಯಲ್ಲಿ ಸ್ವಲ್ಪ ದೂರ ನಡೆದರೆ ವೈಟ್ ಸಿಟಿ ಎಂಬ ಸ್ಥಳ ಸಿಕ್ಕುತ್ತದೆ. 1908ರ ಒಲಿಂಪಿಕ್ಸಿಗೆಂದು ಕಟ್ಟಿದ್ದ ಅಲ್ಲಿಯ ಮಹಾಕ್ರೀಡಾಂಗಣವನ್ನು 1985ರಲ್ಲಿ ಕೆಡವಿದರು. ಈಗ ಅಲ್ಲಿ ಕಚೇರಿಯ ಕಟ್ಟಡಗಳು. ನಮ್ಮ ಪೈಲ್ವಾನ ಗಾಮನು 1910ರ ಸೆಪ್ಟೆಂಬರ್ 10ರಂದು ಪೋಲೆಂಡಿನ ಜ್ಬಿಷ್ಕೊನೊಡನೆ ಹಿಡಿದುದು ಅಲ್ಲಿ. ಗಾಮನು ಕುಳ್ಳನೆಂದು ಪಂದ್ಯಾವಳಿಗೆ ಸೇರಿಸಿಕೊಳ್ಳದೆ ಹೋದಾಗ, ಆಲ್ಹಂಬ್ರ ರಂಗಮಂದಿರದ ವೇದಿಕೆಯಿಂದ ಅವನ ಕಡೆಯವರು ಯುರೋಪಿನ ಜಟ್ಟಿಗಳಿಗೆಲ್ಲ ಸವಾಲು ಹಾಕಿದ್ದರು. ಹ್ಯಾಕೆನ್‌ಷ್ಮಿಟ್‌ನಿಗೂ ಗಾಚನಿಗೂ ಹೆಸರು ಹಿಡಿದೇ ಹಾಕಿದ್ದರು. ಅವರಿಬ್ಬರೂ ಬರಲಿಲ್ಲ. ಬಂದವರಲ್ಲಿ ಡಾಕ್ಟರ್ ರೋಲರ್ ಬೇಗನೆ ಬಿದ್ದನು. ಗ್ರೀಕೋ-ರೋಮನ್ನಿನಲ್ಲಿಯೇ ಬೆಳೆದಿದ್ದ ಜ್ಬಿಷ್ಕೊನೋ, ಚಾಪೆಗೆ ಹೊಟ್ಟೆಯನ್ನು ಅಂಟಿಸಿಕೊಂಡು ಎರಡೂವರೆ ಗಂಟೆಗೂ ಮಿಕ್ಕಿ ಮಲಗಿಬಿಟ್ಟನು. ಗಾಮನು ಅವನನ್ನು ಮಗುಚಲಾರದೆ ಹೋದನು. ಸಭೆ ಬೇಸತ್ತಿತು. ಒಂದು ವಾರದ ಬಳಿಕ ಮತ್ತೆ ಬರಬೇಕಾಗಿದ್ದ ಜ್ಬಿಷ್ಕೊ ಬಾರದೆ ಇದ್ದುದರಿಂದ ಪಟ್ಟ ಗಾಮನಿಗೆ ಸಂದಿತು. 1928ರಲ್ಲಿ ಪಟಿಯಾಲದ ಮಟ್ಟಿಯ ಮೇಲೆ ಇಬ್ಬರೂ ಮರಳಿ ಸಂಧಿಸಿದಾಗ ಗಾಮನಿಗೆ ಒಂದು ನಿಮಿಷವೂ ಬೇಕಾಗಲಿಲ್ಲ.

ವುಡ್ ಲೇನಿನ ಕಾಲುದಾರಿಯಲ್ಲಿ ನಿಂತು ಇದನ್ನೆಲ್ಲ ಹೇಳಿದಾಗ ನನ್ನ ಮಿತ್ರನಿಗೆ ಬಾಣಲೆ ಮರೆತೇಹೋಯಿತು. ಅವನ ಮನೆತನದಲ್ಲಿಯೂ ಹಿಂದೆ ಗರಡಿಯಲ್ಲಿ ಸಾಮು ಮಾಡಿದವರುಂಟು. "ಗಾಮನೂ ಇವನೂ ಹಿಡಿದಿದ್ದರೆ ಯಾರು ಗೆಲ್ಲುತ್ತಿದ್ದರು ಸಾರ್?" ಎಂದು ಕೇಳಿದನು.

"ಗ್ರೀಕೋ-ರೋಮನ್ ಆದರೆ ಹ್ಯಾಕೆನ್‌ಷ್ಮಿಟ್. ಕಾಲು ಹಿಡಿಯಬಹುದೆಂದಾದರೆ ಗಾಮ" ಎಂದೆನು.

ಅವನಿಗೆ ಈ ತೀರ್ಪು ಒಪ್ಪಿಗೆಯಾಗಲಿಲ್ಲ. ಸ್ವಲ್ಪ ದೂರ ಸುಮ್ಮನೆ ನಡೆದು, "ಹಂಗಾದ್ರೆ ಆ ಕಾಕ್ರನ್ ಎರಡು ದಿವಸಕ್ಕೂ ಟಿಕೆಟ್ ಮಾರಿರೋನು ಬಿಡಿ ಸಾರ್" ಎಂದನು.